ಕೂರದ ಮ್ಯಾಗಜಿನ್ನು, ಬಾರದ ಚುನಾವಣೆ

ಯಂಕಂಚಿಯ ಸಿದ್ದಲಿಂಗ ಮನೆಗೆ ಉಕ್ಕಿನ ಕಪಾಟು ತಂದದ್ದು ಬಟ್ಟೆ ಇಡುವುದಕ್ಕಲ್ಲ, ರೈಫಲ್ ಇಡುವುದಕ್ಕೆ. ಅಪ್ಪನ ಕಾಲದಿಂದ ಆ ರೈಫಲ್ ಪಡಸಾಲೆಯ ಗೂಟಕ್ಕೆ, ಎತ್ತಿನ ಕೊರಳಗೆಜ್ಜೆಯ ಪಕ್ಕದಲ್ಲಿ ನೇತಾಡುತ್ತಿತ್ತು. ಯಾರಿಗೂ ತೊಂದರೆ ಇರಲಿಲ್ಲ. ಆದರೆ ಇಂಡಿ ಶಾಖೆಯ ಗನ್‌ಮ್ಯಾನ್ ಒಂದು ಮದುವೆಯ ಪಂಕ್ತಿಯಲ್ಲಿ, "ನಮ್ಮ ಬಂದೂಕಕ್ಕ ಬ್ಯಾರೆ ಕಪಾಟ ಐತಿ" ಅಂದುಬಿಟ್ಟ. ಅಂದಿನಿಂದ ಸಿದ್ದಲಿಂಗನಿಗೆ ಗೂಟ ನೋಡಿದರೆ ನಾಚಿಕೆಯಾಗತೊಡಗಿತು.

ಸಿದ್ದಲಿಂಗನೂ ಗನ್‌ಮ್ಯಾನೇ. ಅದೇ ಪತ್ತಿನ ಸಹಕಾರಿ ಸಂಘದ ಸಿಂದಗಿ ಶಾಖೆಯಲ್ಲಿ. ಸ್ವಂತ ಲೈಸೆನ್ಸಿನ ಬಂದೂಕು ಉಳ್ಳವರಿಗೆ ಮಾತ್ರ ಸಿಗುವ ಕೆಲಸ ಅದು. ನಿಜ ಹೇಳಬೇಕೆಂದರೆ ಕೆಲಸ ಸಿಕ್ಕದ್ದು ಬಂದೂಕಿಗೆ. ಸಿದ್ದಲಿಂಗ ಅದನ್ನು ದಿನಾ ಹೊತ್ತು ತರುವವನು. ಕಾಯಿದೆಯ ಬಗ್ಗೆ ಅವನಿಗೆ ಬಹಳ ಭಕ್ತಿ. ಗುಂಡುಗಳು ಸಂಘದ ತಿಜೋರಿಯಲ್ಲಿ, ಗುಂಡು ತುಂಬುವ ಮ್ಯಾಗಜಿನ್ ಅವನ ಊಟದ ಚೀಲದಲ್ಲಿ, ರೈಫಲ್ ತೊಡೆಯ ಮೇಲೆ. ಕಳ್ಳರು ಬಂದರೆ ಈ ಮೂರೂ ಒಂದೆಡೆ ಸೇರುವ ತನಕ ಅವರು ದಯವಿಟ್ಟು ಬೆಂಚಿನ ಮೇಲೆ ಕೂರಬೇಕಾಗಿತ್ತು.

ಮನೆಯಲ್ಲೂ ಅಷ್ಟೇ ಕಟ್ಟುನಿಟ್ಟು. ರೈಫಲ್ ಖಾಲಿ ಇದ್ದರೂ ನಳಿಗೆಯ ಮುಂದೆ ಯಾರೂ ಹಾಯುವಂತಿಲ್ಲ, ಅದರ ಬಾಯಿಗೆ ಬೆರಳು ತೋರುವಂತಿಲ್ಲ. ಮಹಾನವಮಿಯ ದಿನ ಹತ್ಯಾರ ಪೂಜೆಗೆ ಕುಡಗೋಲು, ಕೊಡಲಿ, ಪಂಪ್‌ಸೆಟ್ಟಿನ ಜೊತೆ ರೈಫಲ್ಲನ್ನೂ ಗೋಡೆಗೆ ಒರಗಿಸಿದಾಗ, ಹೆಂಡತಿ ರುಕ್ಮವ್ವ ವಿಭೂತಿ ಹಚ್ಚುವುದೂ ಪಕ್ಕದಿಂದಲೇ. ಈ ವರ್ಷದ ಪೂಜೆ ಮುಗಿದ ಕೂಡಲೇ ಸಿದ್ದಲಿಂಗ ರೈಫಲ್ಲನ್ನು ಹೊಸ ಕಪಾಟಿನಲ್ಲಿಟ್ಟು, ಒಂದು ಹಿಡಿ ನುಸಿಗುಳಿಗೆ ಚೆಲ್ಲಿ, ಬೀಗ ಜಡಿದು, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಹಬ್ಬ ಮುಗಿದ ಮೇಲೆ ದಿನಾ ಕೆಲಸಕ್ಕೆ ಒಯ್ದ, ದಿನಾ ತಂದು ಬೀಗ ಹಾಕಿದ. ಸಂಘಕ್ಕೆ ಬಂದವರೆಲ್ಲ ಮೂಗು ಮುಚ್ಚಿಕೊಂಡು, "ಏನೋ ವಾಸನಿ" ಅಂದರು. ಅದು ಶಿಸ್ತಿನ ವಾಸನೆ ಎಂದು ಅವನು ತಿಳಿದ.

ಹಬ್ಬ ಕಳೆದು ಹದಿನೈದು ದಿನವಾಗಿರಬೇಕು. ಒಂದು ಶನಿವಾರ ಸಂಜೆ ಮ್ಯಾನೇಜರ್ ರಾಚಪ್ಪ ಅವನನ್ನು ಒಳಗೆ ಕರೆದ.

"ಸೋಮವಾರ ಹೆಡ್ಡಾಫೀಸಿನಿಂದ ಸುಬೇದಾರ ಇಸ್ಮಾಯಿಲ ಸಾಹೇಬ್ರು ಬರ್ತಾರ. ಮಿಲ್ಟ್ರಿಯಿಂದ ರಿಟೈರ್ ಆದವ್ರು, ಮುದ್ದೇಬಿಹಾಳದವ್ರು. ಎಲ್ಲಾ ಶಾಖೆದ ಬಂದೂಕ ಚೆಕ್ ಮಾಡಾಕತ್ತಾರ. ಮ್ಯಾಗಜಿನ್ ಹಚ್ಚು ಅಂತಾರ, ತಗಿ ಅಂತಾರ. ಚಟಾಚಟ್ ಆಗಬೇಕು."

"ಆಗ್ತೈತ್ರಿ."

"ಬಸವನ ಬಾಗೇವಾಡಿ ಶಾಖೆದಾವನೂ ಹಿಂಗ ಅಂದಿದ್ದ. ಅವನ ಬಂದೂಕ ಕೈ ಕೊಟ್ಟಿತು. ಈಗ ಅವ ಎಲ್ಲಿದಾನ ಗೊತ್ತೈತೇನು?"

"ಎಲ್ಲಿದಾನ್ರಿ?"

"ಮಾವನ ಇಟ್ಟಂಗಿ ಭಟ್ಟಿಯಾಗ."

ಸಿದ್ದಲಿಂಗನ ಮಾವನಿಗೆ ಇಟ್ಟಂಗಿ ಭಟ್ಟಿ ಇರಲಿಲ್ಲ. ಈ ಕೆಲಸ ಹೋದರೆ ಅವನಿಗೆ ಹೋಗಲು ಜಾಗವೇ ಇರಲಿಲ್ಲ. ವಯಸ್ಸು ಐವತ್ತರ ಹತ್ತಿರ, ಮೀಸೆ ಬಿಟ್ಟರೆ ಬೇರೆ ಅರ್ಹತೆ ಇಲ್ಲ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿ, ರೈಫಲ್ ಮಲಗಿಸಿ, ಅಭ್ಯಾಸಕ್ಕೆ ಕುಳಿತ. ರೈಫಲ್ಲಿನ ಹೊಟ್ಟೆಯ ಕೆಳಗೆ ಒಂದು ಚೌಕ ಗೂಡು. ಮ್ಯಾಗಜಿನ್ ಎಂಬ ಕಬ್ಬಿಣದ ಡಬ್ಬಿಯನ್ನು ಅದರೊಳಗೆ ತಳ್ಳಿದರೆ 'ಟಕ್' ಎಂದು ಕೂರಬೇಕು. ಸಿದ್ದಲಿಂಗ ತಳ್ಳಿದ. ಅರ್ಧ ಹೋಗಿ ನಿಂತಿತು. ಒತ್ತಿದ. ನಿಂತೇ ಇತ್ತು. ಎದ್ದು ನಿಂತು, ಹೊಟ್ಟೆಯ ಭಾರವನ್ನೆಲ್ಲ ಹಾಕಿ ಒತ್ತಿದ. ಮ್ಯಾಗಜಿನ್ ಜಪ್ಪೆನ್ನಲಿಲ್ಲ, ಅವನ ಸೊಂಟದಲ್ಲಿ ಮಾತ್ರ 'ಟಕ್' ಅಂದಿತು.

ನರಳುವ ಸದ್ದು ಕೇಳಿ ಪಕ್ಕದ ಮನೆಯ ಚಾಂದಸಾಬ ಬಂದ. ಪಂಪ್‌ಸೆಟ್ ರಿಪೇರಿ ಮಾಡುವವನು. ಸುತ್ತಲಿನ ಬಾವಿಗಳಲ್ಲಿ ಅವನು ರಿಪೇರಿ ಮಾಡಿದ ಪಂಪುಗಳು ಬಹಳ ಇದ್ದವು. ಅವುಗಳಲ್ಲಿ ಕೆಲವು ನೀರನ್ನೂ ಎತ್ತುತ್ತಿದ್ದವು.

"ಏನಾತಪಾ?"

"ಮ್ಯಾಗಜಿನ್ ಕುಂಡ್ರವಲ್ದು ಚಾಂದಕಾಕಾ."

ಚಾಂದಸಾಬ ಮೊಬೈಲಿನ ಬ್ಯಾಟರಿ ಹಚ್ಚಿ ಗೂಡಿನೊಳಗೆ ನೋಡಿದ. ಒಂದು ಕಣ್ಣಿನಿಂದ ನೋಡಿದ, ಇನ್ನೊಂದರಿಂದ ನೋಡಿದ. "ಒಳಗ ಮ್ಯಾಲ ಕೆಂಪಗ ಐತಿ."

"ತುಕ್ಕೇನು?"

"ತುಕ್ಕಲ್ಲ. ರೆಡ್ಡಾಕ್ಸೈಡ. ಕಂಪನಿಯಾವ್ರು ಒಳಗ ಹಚ್ಚೇ ಕಳಸ್ತಾರ. ನಮ್ಮ ಮೋಟರಿಗೂ ಇರ್ತೈತಿ." ಬ್ಯಾಟರಿ ಆರಿಸಿದ. "ಬಂದೂಕ ಸುದ್ದ ಐತಿ. ಐಬು ಡಬ್ಬಿಯಾಗ ಐತಿ. ಒಂದ ಸಣ್ಣ ಸುತಗಿ ತರ್ಲ್ಯಾ?"

"ಸುತಗಿ ಬ್ಯಾಡ! ಒಂದ ಗೀರ ಬಿದ್ರ ಸುಬೇದಾರ ನನ್ನ ಚರ್ಮ ಸುಲೀತಾನ."

"ಹಂಗಾರ ಒಂದ ಮಾತ ಕೇಳ್ತೇನಿ. ಈ ಡಬ್ಬಿ ನಿಂದ ಅನ್ನೂದಕ್ಕ ಏನು ಗುರ್ತು?"

ಸಿದ್ದಲಿಂಗ ಮ್ಯಾಗಜಿನ್ನನ್ನು ತಿರುಗಿಸಿ ನೋಡಿದ. ಗುರುತು ಇರಲಿಲ್ಲ. ರೈಫಲ್ಲಿಗೆ ನಂಬರ್ ಇತ್ತು, ಇದಕ್ಕಿರಲಿಲ್ಲ.

"ಚುನಾವಣಿಯಾಗ ಠಾಣೇಕ ಕೊಟ್ಟಿದ್ದಿಲ್ಲೋ?" ಅಂದ ಚಾಂದಸಾಬ.

ಕೊಟ್ಟಿದ್ದ. ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಮರಳಿ ತರಬೇಕು. ಸಂಘದ ಕಾವಲಿನ ಬಂದೂಕಿಗೆ ವಿನಾಯಿತಿ ಕೇಳಬಹುದಿತ್ತು. ಸಿದ್ದಲಿಂಗ ಕೇಳಲು ಮರೆತು, ಆ ಬೇಸಿಗೆ ಪೂರ್ತಿ ಸಂಘವನ್ನು ಒಂದು ಛತ್ರಿ ಹಿಡಿದು ಕಾಯ್ದಿದ್ದ. ಮರಳಿ ತಂದಾಗಿನಿಂದ ಮ್ಯಾಗಜಿನ್ ಹಾಕಿ ನೋಡಿರಲಿಲ್ಲ. ಠಾಣೆಯ ಸಾಲಿನಲ್ಲಿ ಅವನ ಮುಂದೆ ನಿಂತಿದ್ದವನು ಮೋರಟಗಿಯ ಮಂಜೂರ. ಅದೇ ಕಂಪನಿ, ಅದೇ ಮಾದರಿಯ ರೈಫಲ್.

"ಮಂಜೂರನ ಡಬ್ಬಿ ನಿನಗ ಬಂದೈತಿ, ನಿಂದು ಅವಗ ಹೋಗೈತಿ. ಮುಗೀತು," ಎಂದು ಚಾಂದಸಾಬ ತೀರ್ಪು ಕೊಟ್ಟು ಚಹಾಕ್ಕೆ ಕಾಯುತ್ತ ಕುಳಿತ.

ಒಳಗಿನಿಂದ ರುಕ್ಮವ್ವ ಕೇಳಿದಳು: "ಏನಾಗೇತ್ರಿ ಬಂದೂಕಕ್ಕ?"

"ನಿನಗ ತಿಳಿಯಾಂಗಿಲ್ಲ, ಚಹಾ ಮಾಡು!"

ಈ ಒಂದು ಮಾತನ್ನು ಅವನು ಆಡದೇ ಇದ್ದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆಡಿದ, ರೈಫಲ್ ಹೆಗಲಿಗೇರಿಸಿ ಬೈಕ್ ಹತ್ತಿದ, ಮೋರಟಗಿಗೆ ಹೋದ.

ಮಂಜೂರ ಕಬ್ಬಿನ ಬೆಳೆಗಾರ. ಹೊಲಕ್ಕೆ ನುಗ್ಗುವ ಹಂದಿಗಳಿಗಾಗಿ ಬಂದೂಕು ಇಟ್ಟವನು. ಹಂದಿಗಳಿಗೆ ಅದು ಗೊತ್ತಿರಲಿಲ್ಲ. ವಿಷಯ ಕೇಳಿ ಅವನ ಮುಖ ಬಿಳಚಿತು.

"ನನ್ನ ಡಬ್ಬಿ ನಂದಲ್ಲಂತೀ?"

"ನೋಡೂಣಲ್ಲ ಮಂಜೂರಣ್ಣ. ನಿಂದ ಒಂದೀಟ ಕೊಡು."

ಪಡಸಾಲೆಯಲ್ಲಿ ಎರಡು ರೈಫಲ್ ಅಕ್ಕಪಕ್ಕ ಮಲಗಿದವು. ಸಿದ್ದಲಿಂಗನ ಮ್ಯಾಗಜಿನ್ನನ್ನು ಮಂಜೂರನ ರೈಫಲ್ಲಿಗೆ ಹಾಕಿದರು. ಟಕ್, ಬೆಣ್ಣೆಯಲ್ಲಿ ಚಾಕು ಹೋದಂತೆ ಕೂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಈಗ ಮಂಜೂರನದನ್ನು ಸಿದ್ದಲಿಂಗನ ರೈಫಲ್ಲಿಗೆ ಹಾಕಿದರು. ಅರ್ಧಕ್ಕೆ ನಿಂತಿತು. ತೆಗೆದು, ಅದನ್ನೇ ಮಂಜೂರನ ರೈಫಲ್ಲಿಗೆ ಹಾಕಿದರು. ಟಕ್.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಂಜೂರನ ಹೆಂಡತಿ ಸುಲ್ತಾನಾ ಅಂದಳು: "ಎರಡೂ ಇದರಾಗ ಕುಂಡ್ರತಾವ, ಎರಡೂ ಅದರಾಗ ಕುಂಡ್ರಂಗಿಲ್ಲ. ಹಂಗಾರ ಡಬ್ಬಿಯಾಗ ಏನಿಲ್ಲ. ಆ ಬಂದೂಕಿನಾಗ ಏನೋ ಆಗೇತಿ."

ಆ ಭಾನುವಾರ ಇಡೀ ತಾಲೂಕಿನಲ್ಲಿ ಯಾರಾದರೂ ಆಡಿದ ಸರಿಯಾದ ಮಾತು ಅದೊಂದೇ. ಹಾಗಾಗಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಭಾಬಿ, ಇದು ಕುಕ್ಕರಿನ ಮುಚ್ಚಳಲ್ಲ. ಹತ್ಯಾರ," ಅಂದ ಸಿದ್ದಲಿಂಗ.

"ಕುಕ್ಕರ್ ಮುಚ್ಚಳ ಕುಂಡ್ರಲಿಲ್ಲಂದ್ರ ನಾವು ಮೊದಲ ಕುಕ್ಕರಿನಾಗ ನೋಡ್ತೀವಪಾ," ಎಂದು ಅವಳು ಒಳಗೆ ಹೋದಳು.

ಗಂಡಸರು ವಿಚಾರ ಮುಂದುವರಿಸಿದರು. ಬಹಳ ಹೊತ್ತಿನ ಮೇಲೆ ಮಂಜೂರ ಬೆರಳು ಎತ್ತಿದ. "ತಿಳೀತು ತಮ್ಮಾ. ನಿನ್ನ ಕಡೆ ಇರೂದು ನಂದು. ನನ್ನ ಕಡೆ ಇರೂದೂ ನಂದರ ಹಂಗೈತಿ, ಆದ್ರ ನಂದಲ್ಲ. ನಿಂದು ಮೂರನೇದಾವನ ಕಡೆ ಐತಿ."

"ಆ ಮೂರನೇದಾವ ಯಾರು?"

"ಅದನ್ನ ಠಾಣೇದಾವ್ರ ಹೇಳಬೇಕು."

ಹೀಗೆ ಇಬ್ಬರು ಮಧ್ಯವಯಸ್ಕರು ಒಂದೇ ಬೈಕಿನ ಮೇಲೆ, ಎರಡು ರೈಫಲ್ ಹೆಗಲಿಗೆ ಹಾಕಿಕೊಂಡು ಠಾಣೆಗೆ ಹೊರಟರು. ದಾರಿಯಲ್ಲಿ ನೋಡಿದವರು ತಮ್ಮ ಕರ್ತವ್ಯ ಮಾಡಿದರು. ಇವರು ಮುಟ್ಟುವುದರೊಳಗೆ ಸುದ್ದಿ ರಾಚಪ್ಪನಿಗೆ ಮುಟ್ಟಿತ್ತು.

"ಸಿದ್ದಲಿಂಗ, ಎಲ್ಲಿದ್ದೀ?" ಮೊಬೈಲಿನಲ್ಲಿ ಮ್ಯಾನೇಜರ್ ಕೂಗಿದ. "ನೀ ಇನ್ನೊಬ್ಬನ ಕೂಡ ಬಂದೂಕ ಹಿಡಕೊಂಡು ಹೊಂಟಿ ಅಂತ ಫೋನ್ ಮ್ಯಾಲ ಫೋನ್ ಬರಾಕತ್ತಾವ. ಸಂಘದ ಬೀಗ ಮುರೀಲಿಲ್ಲಲ್ಲ?"

"ಇಲ್ರಿ ಸರ್, ಠಾಣೇಕ ಹೊಂಟೇನಿ."

"ಶರಣಾಗಾಕೇನು?" ಎಂದು ರಾಚಪ್ಪ ಫೋನು ಇಟ್ಟು, ಚಪ್ಪಲಿಯನ್ನೂ ಮೆಟ್ಟದೆ ಸಂಘದ ಬೀಗ ನೋಡಲು ಓಡಿದ.

ಠಾಣೆಯ ಪಿಎಸ್‌ಐ ದುಂಡೇಶ ದೂರು ಕೇಳಿ ಮೊದಲು ನಕ್ಕ, ಆಮೇಲೆ ನಗುವುದನ್ನು ನಿಲ್ಲಿಸಿದ. ಚುನಾವಣೆಯ ಹೊತ್ತಿಗೆ ಆ ಠಾಣೆಯಲ್ಲಿ ಇದ್ದವನು ಅವನೇ. ಠಾಣೆಗೆ ಒಪ್ಪಿಸಿದ ಹತ್ಯಾರ ಅದಲುಬದಲಾಯಿತು ಎಂದರೆ ಮೇಲಿನಿಂದ ಕೇಳುವವರು ಅವನನ್ನೇ ಕೇಳುತ್ತಾರೆ.

"ಸುವರ್ಣಾ," ಎಂದು ಕಾನ್‌ಸ್ಟೇಬಲ್‌ಳನ್ನು ಕರೆದ, "ಇಂಥಾ ರೈಫಲ್ ಇದ್ದ ಲೈಸೆನ್ಸಿನಾವ್ರಿಗೆಲ್ಲಾ ಫೋನ್ ಹಚ್ಚು. ಬಂದೂಕ ತಗೊಂಡು ಈಗಿಂದೀಗ ಬರ್ರಿ ಅಂತ ಹೇಳು. ಯಾಕಂತ ಮಾತ್ರ ಹೇಳಬ್ಯಾಡ."

ಯಾಕೆಂದು ಹೇಳದೆ ಇದ್ದದ್ದೇ ಅನಾಹುತಕ್ಕೆ ದಾರಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಬಂದೂಕು ಹೊತ್ತವರು ಒಬ್ಬೊಬ್ಬರಾಗಿ ಠಾಣೆಯ ಮೆಟ್ಟಿಲು ಹತ್ತಿದರು. ಎದುರಿನ ಚಹಾದಂಗಡಿಯವರಿಗೆ ಈ ನೋಟ ಹೊಸದಲ್ಲ. ಬಂದೂಕುಗಳು ಸಾಲಾಗಿ ಠಾಣೆಗೆ ಹೋದವೆಂದರೆ ಅರ್ಥ ಒಂದೇ.

"ಚುನಾವಣಿ ಡಿಕ್ಲೇರ್ ಆತು!"

"ಯಾವುದರದ್ದೋ?"

"ಯಾವುದರ ಇರವಲ್ದ್ಯಾಕ, ಆತು!"

ಸುದ್ದಿ ಬಸಂತರಾಯರಿಗೆ ಮುಟ್ಟಲು ಒಂದು ಬೀಡಿ ಸುಡುವಷ್ಟು ಹೊತ್ತೂ ಹಿಡಿಯಲಿಲ್ಲ. ಜಿಲ್ಲಾ ಪಂಚಾಯತಿಗೆ ನಿಲ್ಲಬೇಕೆಂದು ವರ್ಷಗಳಿಂದ ಕಾಯುತ್ತಿದ್ದ ಮುಖಂಡರು. ಚುನಾವಣೆ ಬರಲೊಲ್ಲದು, ಅವರು ಬಿಡಲೊಲ್ಲರು. ಇಸ್ತ್ರಿ ಮಾಡಿಟ್ಟ ಬಿಳಿ ಜುಬ್ಬಾ ಮಡಿಕೆಯಲ್ಲೇ ಹಳದಿಯಾಗಿತ್ತು. ಅದನ್ನೇ ತೊಟ್ಟು, ಬೂಂದಿ ಲಾಡುವಿನ ದೊಡ್ಡ ಡಬ್ಬ ಹಿಡಿಸಿಕೊಂಡು, ಹಿಂದೆ ಜೈಕಾರ ಹಾಕುವವರನ್ನು ಕಟ್ಟಿಕೊಂಡು, ಮೊದಲು ಠಾಣೆಗೇ ಬಂದರು. ಶುಭ ಕೆಲಸವನ್ನು ಸರ್ಕಾರಿ ಕಚೇರಿಯಿಂದ ಶುರು ಮಾಡಬೇಕೆಂಬುದು ಅವರ ಲೆಕ್ಕ.

"ಸಾಹೇಬ್ರ, ಬಾಯಿ ಸಿಹಿ ಮಾಡ್ಕೋರಿ. ಕಡೀಕೂ ಬಂತಲ್ಲ!"

ದುಂಡೇಶನ ಮೇಜಿನ ಮೇಲೆ ಆಗ ರೈಫಲ್ಲುಗಳು ಒಂದರ ಪಕ್ಕ ಒಂದು ಮಲಗಿದ್ದವು. ಬಂದವರ ಮ್ಯಾಗಜಿನ್ನುಗಳನ್ನೆಲ್ಲ ಸಿದ್ದಲಿಂಗನ ರೈಫಲ್ಲಿಗೆ ಹಾಕಿ ನೋಡಿ ಆಗಿತ್ತು. ಒಂದೂ ಕೂರಲಿಲ್ಲ. ಪ್ರತಿಯೊಂದು ಸೋತಾಗಲೂ ಸಿದ್ದಲಿಂಗ ಕಣ್ಣು ಮುಚ್ಚುತ್ತಿದ್ದ. ಮುಚ್ಚಿದಾಗಲೆಲ್ಲ ಇಟ್ಟಂಗಿ ಭಟ್ಟಿ ಕಾಣುತ್ತಿತ್ತು, ಅದೂ ಬೇರೆಯವರ ಮಾವನದು.

"ಏನು ಬಂತು?" ಅಂದ ದುಂಡೇಶ.

"ಚುನಾವಣೀರಿ!"

"ಯಾರ ಹೇಳಿದ್ರು?"

"ನೀವ ಹೇಳೀರಲ್ಲ, ಬಂದೂಕ ತರಿಸಿ!" ಎಂದು ಬಸಂತರಾಯರು ಡಬ್ಬದ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಕಡೆ ಒಂದೀಟ ಲಕ್ಷ್ಯ ಇರಲಿ."

"ಬಸಂತರಾಯ್ರ, ಯಾವ ಚುನಾವಣಿನೂ ಇಲ್ರಿ. ಇದು ಬ್ಯಾರೆ ಭಾನಗಡಿ."

"ಗುಟ್ಟು ಇಡಬೇಕಾಗ್ತೈತಿ, ತಿಳೀತೈತ್ರಿ ನನಗ." ಬಸಂತರಾಯರು ಕಣ್ಣು ಹೊಡೆದು ಕುರ್ಚಿಯಲ್ಲಿ ಕುಳಿತರು. ಹೊರಗೆ ಜೈಕಾರ ಜೋರಾಯಿತು.

ದುಂಡೇಶ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಮಂಜೂರ ತನ್ನದೋ ಅಲ್ಲವೋ ತಿಳಿಯದ ಮ್ಯಾಗಜಿನ್ನನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ರಾಚಪ್ಪ ಆಗತಾನೆ ಬರಿಗಾಲಲ್ಲಿ ಬಂದು, ಬೀಗ ಭದ್ರವಾಗಿದೆ ಎಂದು ಕೇಳದವರಿಗೆಲ್ಲ ಹೇಳುತ್ತಿದ್ದ. ಯಾರ ಕಿವಿಗೂ ಯಾರ ಮಾತೂ ಬೀಳದ ಆ ಗದ್ದಲದಲ್ಲಿ ಸುವರ್ಣಾ ಒಬ್ಬಳು ಮೇಜಿನ ಕಡೆ ಬಗ್ಗಿ ನೋಡುತ್ತಿದ್ದಳು.

"ಸಾಹೇಬ್ರ, ಇರುವಿ."

"ಲಾಡು ಇಟ್ರ ಇರುವಿ ಬರೂದಿಲ್ಲೇನು? ಡಬ್ಬ ಮುಚ್ಚು."

"ಲಾಡುಕ್ಕ ಬಂದಿಲ್ರಿ. ಲಾಡು ದಾಟಿ ಹೊಂಟಾವ."

ಎಲ್ಲರೂ ಬಗ್ಗಿದರು. ಗೋಡೆಯಿಂದ ಇಳಿದ ಕೆಂಪು ಇರುವೆಗಳ ಸಾಲು ಮೇಜು ಹತ್ತಿ, ಬಸಂತರಾಯರ ಡಬ್ಬವನ್ನು ಒಂದು ಸುತ್ತು ಹಾಕಿ, ಅದನ್ನು ಬಿಟ್ಟು, ನಾಲ್ಕು ರೈಫಲ್ ದಾಟಿ, ನೆಟ್ಟಗೆ ಸಿದ್ದಲಿಂಗನ ರೈಫಲ್ಲಿನ ಹೊಟ್ಟೆಯೊಳಗೆ ಹೋಗುತ್ತಿತ್ತು. ಹೊರಬರುತ್ತಿದ್ದವುಗಳ ಬಾಯಲ್ಲಿ ಹಳದಿ ಕಣಗಳಿದ್ದವು.

"ನನ್ನ ಲಾಡು ಬಿಟ್ಟು ಬಂದೂಕಕ್ಕ ಯಾಕ?" ಬಸಂತರಾಯರಿಗೆ ಅಪಮಾನವಾಯಿತು. "ಅಸಲಿ ತುಪ್ಪದಾವು ಅದಾವ!"

"ಅಂಗಡ್ಯಾವ ಹಂಗ ಹೇಳಿರಬೇಕ್ರಿ," ಎನ್ನುತ್ತ ಸುವರ್ಣಾ ತುರುಬಿನ ಪಿನ್ನು ತೆಗೆದು, ರೈಫಲ್ಲನ್ನು ಮಗುಚಿ, ಗೂಡಿನೊಳಗೆ ಹಾಕಿ ಕೆದರಿದಳು. ಏನೋ ಗಟ್ಟಿಯಾದದ್ದು ಸಡಿಲಿತು. ಚೌಕಾಕಾರದ ಕಂದು ಹೆಂಟೆಯೊಂದು ಮೇಜಿನ ಮೇಲೆ ಬಿದ್ದು ಕಲ್ಲಿನಂತೆ ಸದ್ದು ಮಾಡಿತು.

ಬಂದೂಕುಧಾರಿಗಳೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ದುಂಡೇಶ ಪೆನ್ಸಿಲ್ಲಿನಿಂದ ಹೆಂಟೆಯನ್ನು ಚುಚ್ಚಿ, ಮೂಗಿನ ಹತ್ತಿರ ತಂದ.

"ಹೂರಣ," ಅಂದ. "ಏಲಕ್ಕಿ ಹಾಕ್ಯಾರ."

ಸಿದ್ದಲಿಂಗನ ಮೊಬೈಲ್ ಹೊರಬಂತು. ಸಾಹೇಬರ ಅಪ್ಪಣೆಯಂತೆ ಎಲ್ಲರಿಗೂ ಕೇಳುವಂತೆ ಜೋರಾಗಿ ಇಡಲಾಯಿತು.

"ಏ ಇಕಿ, ಬಂದೂಕಿನಾಗ ಹೋಳಿಗಿ ಹ್ಯಾಂಗ ಬಂತು?"

"ಹ್ಯಾಂಗ ಬರ್ತೈತಿ, ನಾ ಇಟ್ಟೇನಿ," ಅಂದಳು ರುಕ್ಮವ್ವ. "ಮಾನಮಿಗೆ ಕುಡಗೋಲಿಗೆ ಎಡಿ ಹಿಡೀತೀವಿ, ಪಂಪಿಗೆ ಹಿಡೀತೀವಿ. ದುಡದು ಹಾಕೂ ಬಂದೂಕಕ್ಕ ಹಿಡೀಬ್ಯಾಡೇನು?"

"ಮುಂದ ಇಡಬೇಕು! ಒಳಗ ಯಾರರ ತುರುಕತಾರೇನು?"

"ಬಂದೂಕಿನ ಮುಂದ ಹೋಗಬ್ಯಾಡ, ಮುಂದಿನ ಬಾಯಿಗೆ ಕೈ ಒಯ್ಯಬ್ಯಾಡ ಅಂತ ನೀವ ಬಡಕೊಂಡೀರಿ. ಅದಕ್ಕ ಹೊಟ್ಟ್ಯಾಗಿನ ಬಾಯಾಗ ತುಪ್ಪ ಹಚ್ಚಿ ಒಂದ ತುತ್ತು ಇಟ್ಟೆ. ನಾ ಈ ಮನಿಗೆ ಬಂದಾಗಿಂದ ಹಿಂಗ ಇಡಾಕತ್ತೇನಿ."

"ದರವರ್ಷ?"

"ದರವರ್ಷ. ಗೂಟಕ್ಕ ಇದ್ದಾಗ ಎರಡ ದಿನದಾಗ ಒಂದ ಕಾಳ ಉಳೀದಂಗ ತಿಂದಬಿಡ್ತಿತ್ತು." ಅವಳ ದನಿಯಲ್ಲಿ ನಿಜವಾದ ಕಾಳಜಿ ಇತ್ತು. "ಈ ವರ್ಷ ತಿಂದಿಲ್ಲೇನ್ರಿ? ಅದಕ್ಕ ಆರಾಮ ಐತಿಲ್ಲ?"

ಮೊದಲು ನಕ್ಕವಳು ಸುವರ್ಣಾ. ಆಮೇಲೆ ಠಾಣೆಯ ಹೆಂಚು ಹಾರುವ ಹಾಗೆ ಎಲ್ಲರೂ ನಕ್ಕರು. ಲಾಕಪ್ಪಿನಲ್ಲಿದ್ದ ಒಬ್ಬ ಕುಡುಕನೂ ನಕ್ಕ, ಅವನನ್ನು ಯಾರೂ ತಡೆಯಲಿಲ್ಲ. ಗೂಟದಲ್ಲಿದ್ದಾಗ ರೈಫಲ್ಲಿನ ಪರವಾಗಿ ವರ್ಷವರ್ಷವೂ ಊಟ ಮಾಡುತ್ತಿದ್ದ ಇರುವೆಗಳನ್ನು ಸಿದ್ದಲಿಂಗನ ಉಕ್ಕಿನ ಕಪಾಟೂ ನುಸಿಗುಳಿಗೆಯೂ ಸೇರಿ ಹೊರಗಿಟ್ಟಿದ್ದವು. ಹೋಳಿಗೆ ಒಳಗೇ ಕೂತು ಒಣಗಿ ಇಟ್ಟಂಗಿಯಾಗಿತ್ತು.

ದುಂಡೇಶ ನಗುವುದನ್ನು ಹಠಾತ್ತನೆ ನಿಲ್ಲಿಸಿದ. "ಸುವರ್ಣಾ, ನಮ್ಮ ಠಾಣೇದ ರೈಫಲ್ಲಿಗೆ ಪೂಜಾ ಯಾರು ಮಾಡಿದ್ರು?"

"ನಾವ ಮಾಡೇವ್ರಿ. ಬರೇ ಕುಂಕುಮ. ಕುಂಬಳಕಾಯಿ ಒಡದಿದ್ದು ಜೀಪಿನ ಮುಂದ್ರಿ."

"ಒಳಗ ಏನೂ ಇಟ್ಟಿಲ್ಲಲ್ಲ?"

"ನಮ್ಮ ಕಡೆ ಒಳಗ ಇಡಾಕ ಹೋಳಿಗಿ ಯಾರು ಉಳಿಸಿದ್ರಿ ಸಾಹೇಬ್ರ?"

ಪಿಎಸ್‌ಐ ನಿಟ್ಟುಸಿರು ಬಿಟ್ಟ. ಗೂಡನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿದ ಮೇಲೆ ಸಿದ್ದಲಿಂಗ ಮೇಜಿನ ಮೇಲಿದ್ದ ಮ್ಯಾಗಜಿನ್ ಎತ್ತಿ ತಳ್ಳಿದ.

ಟಕ್.

ಅಂಥ ಸಂಗೀತವನ್ನು ಅವನು ಜೀವನದಲ್ಲಿ ಕೇಳಿರಲಿಲ್ಲ. ಮಂಜೂರ ಬಂದು ಅವನನ್ನು ತಬ್ಬಿಕೊಂಡ. ತಬ್ಬಿಕೊಂಡೇ, "ತಮ್ಮಾ, ಈಗ ಹಾಕಿದ್ದು ನಿಂದೋ ನಂದೋ?" ಎಂದು ಕಿವಿಯಲ್ಲಿ ಕೇಳಿದ.

ಇಬ್ಬರೂ ಮೇಜು ನೋಡಿದರು. ಬೆಳಗಿನಿಂದ ಹಾಕಿ, ತೆಗೆದು, ಬದಲಿಸಿ, ಮತ್ತೆ ಹಾಕಿ, ಒಂದೇ ಬಣ್ಣದ ಆ ಡಬ್ಬಿಗಳಲ್ಲಿ ಯಾವುದು ಯಾರದೆಂದು ಈಗ ದೇವರಿಗೂ ತಿಳಿಯುವಂತಿರಲಿಲ್ಲ. ಚುನಾವಣೆಯಲ್ಲಿ ಆಗದೇ ಇದ್ದ ಅದಲುಬದಲು ಅದರ ತನಿಖೆಯಲ್ಲಿ ಆಗಿಹೋಗಿತ್ತು.

"ಎಲ್ಲಾದರಾಗೂ ಎಲ್ಲಾ ಕುಂಡ್ರತಾವಲ್ಲ?" ಅಂದ ದುಂಡೇಶ. "ಒಬ್ಬೊಬ್ರು ಒಂದೊಂದ ಹಚ್ಚಕೊಂಡು ಬಾಗಲಾ ದಾಟ್ರಿ. ಹಿಂದಕ್ಕ ಯಾರರ ನೋಡಿದ್ರ ಒಳಗ ಹಾಕ್ತೇನಿ."

ಎಲ್ಲರೂ ದಾಟಿದರು. ಬಸಂತರಾಯರು ಮಾತ್ರ ಕುಳಿತೇ ಇದ್ದರು. ಚುನಾವಣೆ ಇಲ್ಲವೆಂಬುದು ಅವರಿಗೆ ಅರ್ಥವಾಗಿತ್ತು. ಹೊರಗಿನವರಿಗೆ ಹೇಗೆ ಹೇಳುವುದೆಂಬುದು ಆಗಿರಲಿಲ್ಲ. ಕೊನೆಗೆ ಎದ್ದು ಹೋಗಿ ಮೆಟ್ಟಿಲ ಮೇಲೆ ನಿಂತು ಕೈ ಮುಗಿದರು. ಜೈಕಾರ ಮುಗಿಲು ಮುಟ್ಟಿತು. ಅಂದಿನಿಂದ ಅವರು ಪ್ರಚಾರದಲ್ಲಿದ್ದಾರೆ.

ಸೋಮವಾರ ಸುಬೇದಾರ ಇಸ್ಮಾಯಿಲ ಬಂದರು. ನೆಟ್ಟಗಿನ ಮನುಷ್ಯ, ಬಿಳಿ ಕೈಚೌಕ, ಕಡಿಮೆ ಮಾತು.

"ಮ್ಯಾಗಜಿನ್ ಹಚ್ಚು."

ಟಕ್.

"ತಗಿ. ಹಚ್ಚು."

ಟಕ್. ಬಾಗಿಲ ಮರೆಯಲ್ಲಿ ರಾಚಪ್ಪ ಉಸಿರು ಬಿಟ್ಟದ್ದು ಕ್ಯಾಶ್ ಕೌಂಟರಿನವರೆಗೆ ಕೇಳಿಸಿತು.

ಸುಬೇದಾರರು ಬಿಳಿ ಕೈಚೌಕವನ್ನು ಗೂಡಿನೊಳಗೆ ತೂರಿಸಿ ತಿರುವಿ ತೆಗೆದರು. ನೋಡಿದರು. ಮೂಸಿದರು. ಹುಬ್ಬು ಮೇಲೇರಿದವು.

"ಇದಕ್ಕ ಯಾವ ಎಣ್ಣಿ ಹಚ್ತೀ?"

ಸಿದ್ದಲಿಂಗನ ಬಾಯಿಂದ ಸುಳ್ಳು ಹೊರಡಲಿಲ್ಲ. "ತುಪ್ಪ್ರಿ ಸಾಹೇಬ್ರ."

"ಅಂಗಡೀದೋ?"

"ಇಲ್ರಿ, ಮನೀದು. ಎಮ್ಮೀದು."

ಸುಬೇದಾರರು ಕೈಚೌಕ ಮಡಿಸಿ ಕಿಸೆಗಿಟ್ಟರು. "ಸರ್ಕಾರ ನನ್ನ ಕೈಯಾಗ ಎಂತೆಂಥಾ ಎಣ್ಣಿ ಕೊಟ್ಟಿತು," ಅಂದರು, "ಸ್ವಂತ ಬಂದೂಕಕ್ಕ ಮನೀ ತುಪ್ಪ ಹಾಕಿದಾವನ್ನ ಇವತ್ತ ನೋಡಿದ್ನಿ. ಪಾಸ್." ಎರಡು ಹೆಜ್ಜೆ ಹೋಗಿ ತಿರುಗಿದರು. "ಆ ನುಸಿಗುಳಿಗಿ ಬಿಡು. ತುಪ್ಪದ ವಾಸನಿ ಕೆಡ್ತೈತಿ."

ಸಂಜೆ ಸಿದ್ದಲಿಂಗ ಮನೆಗೆ ಬಂದವನೇ ರೈಫಲ್ಲನ್ನು ಹಳೆಯ ಗೂಟಕ್ಕೆ ನೇತುಹಾಕಿದ. ಕಪಾಟಿನಲ್ಲಿ ಈಗ ರುಕ್ಮವ್ವನ ಸೀರೆಗಳಿವೆ. ಊಟಕ್ಕೆ ಕೂತಾಗ ಅವಳು ರೊಟ್ಟಿ ಬಡಿಸುತ್ತ ಕೇಳಿದಳು:

"ಬರೂ ವರ್ಷ ಎಡಿ ಎಲ್ಲಿ ಹಿಡೀಲ್ರಿ?"

"ಎದುರಿಗಿ ಒಂದ ಎಲಿ ಹಾಕಿ ಇಡು. ಒಳಗ ಏನೂ ಬ್ಯಾಡ."

"ಎಲಿ ಮ್ಯಾಲಿಂದ ಎದ್ದು ತಿನ್ನಾಕ ಅದಕ್ಕೇನು ಕೈ ಅದಾವ?" ಅವಳ ಕಣ್ಣು ಊಟದ ಚೀಲದಿಂದ ಇಣುಕುತ್ತಿದ್ದ ಮ್ಯಾಗಜಿನ್ ಮೇಲೆ ಬಿತ್ತು. "ಈ ಡಬ್ಬಿ ಬಾಯಿ ಚೊಲೊ ಅಗಲ ಐತಿ ನೋಡ್ರಿ."

ಸಿದ್ದಲಿಂಗ ತುತ್ತು ಬಿಟ್ಟು ಎದ್ದ. ಮ್ಯಾಗಜಿನ್ನನ್ನು ಅಂಗಿಯ ಕಿಸೆಗೆ ಹಾಕಿ, ಗುಂಡಿ ಹಚ್ಚಿ, ಮೇಲೆ ಎಡಗೈ ಇಟ್ಟುಕೊಂಡು ಮತ್ತೆ ರೊಟ್ಟಿಗೆ ಕೂತ. ಬಹಳ ದಿನದ ಮೇಲೆ ಆ ಸಂಜೆ ಅವನಿಗೆ ಚೆನ್ನಾಗಿ ಊಟ ಸೇರಿತು.